ಎಂಟು ಜನ, 400 ಜಿಬಿ ಕಡತ, ಒಂದು ಸ್ವಂತ ಸರ್ವರ್: ಯಾವ ತಂತ್ರಾಂಶ?

ಪ್ರಶ್ನೆ: ನಮ್ಮದು ಧಾರವಾಡದ ಸಣ್ಣ ಪ್ರಕಾಶನ. ಕೆಲಸ ಮಾಡುವವರು ಎಂಟು ಮಂದಿ. ಅವರಲ್ಲಿ ಇಬ್ಬರು ಬೆಂಗಳೂರಿನ ತಮ್ಮ ಮನೆಯಲ್ಲೇ ಕೂತು ಪುಟವಿನ್ಯಾಸ ಮಾಡುತ್ತಾರೆ. ಇನ್‌ಡಿಸೈನ್, ಫೋಟೊಶಾಪ್, ವರ್ಡ್, ಪಿಡಿಎಫ್ ಎಲ್ಲ ಸೇರಿ 400 ಜಿಬಿ ಕಡತಗಳಿವೆ. ಸದ್ಯ ಪೆನ್‌ಡ್ರೈವ್ ಮತ್ತು ವಾಟ್ಸ್‌ಆ್ಯಪ್‌ನಲ್ಲೇ ವ್ಯವಹಾರ. ಲೇಖಕರಿಗೆ, ಪ್ರೂಫ್ ನೋಡುವವರಿಗೆ ಲಿಂಕ್ ಕಳಿಸುವ ಅನುಕೂಲವೂ ಬೇಕು. 8 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರ್ ಒಂದು ಸುಮ್ಮನೆ ಬಿದ್ದಿದೆ. ಸ್ವಂತ ಯಂತ್ರದಲ್ಲೇ ಕಡತ ಇಟ್ಟು ಹಂಚಿಕೊಳ್ಳುವ ತಂತ್ರಾಂಶಗಳಾದ ನೆಕ್ಸ್ಟ್‌ಕ್ಲೌಡ್, ಸೀಫೈಲ್, ಸಿಂಕ್‌ಥಿಂಗ್ ಈ ಮೂರರಲ್ಲಿ ನಮಗೆ ಯಾವುದು ಸರಿ?

ಉತ್ತರ: ನಿಮಗೆ ನೆಕ್ಸ್ಟ್‌ಕ್ಲೌಡ್ ಸರಿ. ಅದು ಮೂರರಲ್ಲಿ ಅತಿ ವೇಗದ್ದು ಎಂದೇನಲ್ಲ, ವೇಗದಲ್ಲಿ ಸೀಫೈಲ್ ಮುಂದು. ನಿರ್ವಹಣೆ ಅತಿ ಸುಲಭ ಎಂದೂ ಅಲ್ಲ, ಅದರಲ್ಲಿ ಸಿಂಕ್‌ಥಿಂಗ್ ಮುಂದು. ನಿಮ್ಮ ಕಚೇರಿಯಲ್ಲಿ ನಿಜವಾಗಿ ಕೆಡುವ ಮೂರು ಕಡೆ ಅದು ಕಡಿಮೆ ಕೆಡುತ್ತದೆ ಎಂಬುದೇ ಕಾರಣ: ಕಡತ ಯಾರ ಹೆಸರಿನಲ್ಲಿದೆ, ಒಂದೇ ಕಡತವನ್ನು ಇಬ್ಬರು ತೆರೆದರೆ ಏನಾಗುತ್ತದೆ, ತಂತ್ರಾಂಶವೇ ಕೈಕೊಟ್ಟ ದಿನ ಡಿಸ್ಕ್‌ನಿಂದ ಕಡತ ಸಿಗುತ್ತದೋ ಇಲ್ಲವೋ.

ಮೊದಲು ಸಿಂಕ್‌ಥಿಂಗ್ ವಿಷಯ ಮುಗಿಸೋಣ. ಅದು ಒಳ್ಳೆಯ ತಂತ್ರಾಂಶ, ಆದರೆ ಅದು ಬೆಸೆಯುವುದು ಯಂತ್ರಗಳನ್ನು, ಮನುಷ್ಯರನ್ನಲ್ಲ. ಅದರಲ್ಲಿ ಬಳಕೆದಾರರ ಖಾತೆ ಎಂಬುದಿಲ್ಲ, ಹೊರಗಿನವರಿಗೆ ಕಳಿಸಲು ಲಿಂಕ್ ಇಲ್ಲ. ಫೋಲ್ಡರ್ ಹಂಚಿಕೊಂಡ ಪ್ರತಿ ಯಂತ್ರದಲ್ಲೂ ಅದರ ಪೂರ್ತಿ ಪ್ರತಿ ಕೂರುತ್ತದೆ. ಒಬ್ಬರು ಅಳಿಸಿದರೆ ಉಳಿದ ಏಳು ಕಡೆಯೂ ಅಳಿಯುತ್ತದೆ. ‘ವರ್ಷನಿಂಗ್ ಹಾಕಿದ್ದೇನಲ್ಲ’ ಎಂದು ನೆಮ್ಮದಿಯಿಂದಿರುವವರು ಒಂದು ಮಾತು ಗಮನಿಸಬೇಕು: ಬೇರೆ ಯಂತ್ರದಿಂದ ಬಂದ ಬದಲಾವಣೆ ಹಳೆಯದನ್ನು ಅಳಿಸುವಾಗ ಮಾತ್ರ ಅದು ಹಳೆಯ ಪ್ರತಿಯನ್ನು ಎತ್ತಿಡುತ್ತದೆ. ನಿಮ್ಮ ಯಂತ್ರದಲ್ಲಿ ನೀವೇ ಹಾಳು ಮಾಡಿಕೊಂಡ ಕಡತದ ಹಳೆಯ ಪ್ರತಿ ನಿಮ್ಮಲ್ಲಿ ಸಿಗದು, ವರ್ಷನಿಂಗ್ ಹಾಕಿರುವ ಇನ್ನೊಂದು ಯಂತ್ರದಲ್ಲಿ ಸಿಗಬೇಕು. ಒಬ್ಬನೇ ಮನುಷ್ಯನ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಫೋನ್ ಇವುಗಳ ನಡುವೆ ಅದಕ್ಕಿಂತ ಚೊಕ್ಕಟವಾದದ್ದು ಇಲ್ಲ. ಎಂಟು ಮಂದಿಯ ಕಚೇರಿಗೆ ಅದನ್ನು ಬಗ್ಗಿಸಲು ಹೋಗಬೇಡಿ.

ಇನ್ನು ಉಳಿದಿದ್ದು ಸೀಫೈಲ್ ಮತ್ತು ನೆಕ್ಸ್ಟ್‌ಕ್ಲೌಡ್. ಇವೆರಡರ ನಿಜವಾದ ವ್ಯತ್ಯಾಸ ಕಾಣಬೇಕೆಂದರೆ ಸರ್ವರ್‌ನ ಡಿಸ್ಕ್ ತೆರೆದು ನೋಡಬೇಕು. ನೆಕ್ಸ್ಟ್‌ಕ್ಲೌಡ್‌ನಲ್ಲಿ ‘ಮುಖಪುಟ.ಪಿಎಸ್‌ಡಿ’ ಎಂದು ಇಟ್ಟರೆ ಡಿಸ್ಕ್‌ನಲ್ಲೂ ‘ಮುಖಪುಟ.ಪಿಎಸ್‌ಡಿ’ ಎಂದೇ ಇರುತ್ತದೆ. ಡೇಟಾಬೇಸ್ ಹಾಳಾದರೂ ಡಿಸ್ಕನ್ನು ಬೇರೆ ಯಂತ್ರಕ್ಕೆ ಸಿಕ್ಕಿಸಿ ಕಡತ ನಕಲು ಮಾಡಿಕೊಳ್ಳಬಹುದು. ಸರ್ವರ್ ಬದಿಯ ಗೂಢಲಿಪೀಕರಣವನ್ನು (ಎನ್‌ಕ್ರಿಪ್ಷನ್) ಮಾತ್ರ ಚಾಲೂ ಮಾಡಬೇಡಿ, ಮಾಡಿದರೆ ಈ ಅನುಕೂಲ ಹೋಗುತ್ತದೆ. ಸೀಫೈಲ್ ಪ್ರತಿ ಕಡತವನ್ನು ತುಂಡು ಮಾಡಿ, ತುಂಡುಗಳಿಗೆ ಅರ್ಥವಾಗದ ಉದ್ದನೆಯ ಹೆಸರು ಕೊಟ್ಟು ಇಡುತ್ತದೆ. ಅದರ ಸ್ವಂತ ಸಾಧನಗಳಿಲ್ಲದೆ ಆ ರಾಶಿಯಿಂದ ಒಂದು ಪುಸ್ತಕ ಹೆಕ್ಕಲು ಆಗದು. ಹಾಗೆ ತುಂಡು ಮಾಡುವುದರಿಂದಲೇ ಅದಕ್ಕೆ ವೇಗ: 300 ಎಂಬಿ ಕಡತದಲ್ಲಿ ಸ್ವಲ್ಪ ಬದಲಾದರೆ ಬದಲಾದ ತುಂಡುಗಳಷ್ಟನ್ನೇ ಕಳಿಸುತ್ತದೆ. ನೆಕ್ಸ್ಟ್‌ಕ್ಲೌಡ್ 300 ಎಂಬಿಯನ್ನೂ ಮತ್ತೆ ಹೊರುತ್ತದೆ.

ಈ ಉಳಿತಾಯ ಎಲ್ಲ ಬಗೆಯ ಕಡತಕ್ಕೂ ಸಿಗುತ್ತದೆಂದು ಮಾತ್ರ ನಂಬಬೇಡಿ. ವರ್ಡ್ ಕಡತವೆಂದರೆ ಒಳಗೆ ಜಿಪ್ ಮಾಡಿದ ಗಂಟು. ಒಂದು ಸಾಲು ತಿದ್ದಿದರೂ ಗಂಟನ್ನು ಮತ್ತೆ ಕಟ್ಟಬೇಕು, ಹಾಗಾಗಿ ಹೆಚ್ಚಿನ ಭಾಗ ಬದಲಾದಂತೆಯೇ ಕಾಣುತ್ತದೆ. ಇನ್‌ಡಿಸೈನ್‌ನಲ್ಲಿ ಬರೀ ‘ಸೇವ್’ ಒತ್ತಿದರೆ ಹೊಸ ಭಾಗ ಕಡತದ ಬಾಲಕ್ಕೆ ಸೇರುತ್ತ ಹೋಗುತ್ತದೆ, ಅಲ್ಲಿ ಸೀಫೈಲ್‌ಗೆ ಲಾಭವಿದೆ. ‘ಸೇವ್ ಆ್ಯಸ್’ ಮಾಡಿದರೆ ಇಡೀ ಕಡತವನ್ನು ಹೊಸದಾಗಿ ಬರೆಯುವುದರಿಂದ ಲಾಭ ಬಹುಪಾಲು ಹೋಗುತ್ತದೆ. ಬೆಂಗಳೂರಿನ ಮನೆಯ ಸಂಪರ್ಕದ ಅಪ್‌ಲೋಡ್ 20 ಎಂಬಿಪಿಎಸ್ ಎಂದಿಟ್ಟುಕೊಳ್ಳಿ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 2.5 ಎಂಬಿ ಹೋಗುತ್ತದೆ, 300 ಎಂಬಿಗೆ ಎರಡು ನಿಮಿಷ. ದಿನಕ್ಕೆ ಹತ್ತಿಪ್ಪತ್ತು ಸಲ ಹೀಗೆ ಹೋದರೆ ನಿಮ್ಮ ಕೆಲಸವೇನೂ ನಿಲ್ಲುವುದಿಲ್ಲ. ಸಂಪರ್ಕ 2 ಎಂಬಿಪಿಎಸ್ ಆಗಿದ್ದರೆ, ಅಥವಾ ಗಿಗಾಬೈಟ್ ಗಾತ್ರದ ಕಡತಗಳನ್ನು ದಿನವಿಡೀ ತಿದ್ದುವವರಾಗಿದ್ದರೆ, ಸೀಫೈಲ್ ಎನ್ನುತ್ತಿದ್ದೆವು.

ಸೀಫೈಲ್ ಬೇಡ ಎನ್ನಲು ನಿಮ್ಮ ಮಟ್ಟಿಗೆ ಇನ್ನೂ ಒಂದು ಕಾರಣವಿದೆ. ಒಬ್ಬರು ತಿದ್ದುವಾಗ ಇನ್ನೊಬ್ಬರು ಕೈ ಹಾಕದಂತೆ ಕಡತಕ್ಕೆ ಬೀಗ ಹಾಕುವ ಸೌಲಭ್ಯ ಅದರ ಪ್ರೊ ಆವೃತ್ತಿಯಲ್ಲಿ ಮಾತ್ರ ಇದೆ. ಪ್ರೊ ಉಚಿತವಾಗಿ ಸಿಗುವುದು 3 ಬಳಕೆದಾರರವರೆಗೆ, ನೀವು ಎಂಟು ಮಂದಿ. ನೆಕ್ಸ್ಟ್‌ಕ್ಲೌಡ್‌ನಲ್ಲಿ ‘ಟೆಂಪರರಿ ಫೈಲ್ಸ್ ಲಾಕ್’ ಎಂಬ ಆ್ಯಪ್ ಹಾಕಿಕೊಂಡರೆ ಅದೇ ಕೆಲಸ ಹಣವಿಲ್ಲದೆ ಆಗುತ್ತದೆ.

ಓನ್‌ಕ್ಲೌಡ್ ಹೆಸರನ್ನೂ ಕೇಳಿರುತ್ತೀರಿ. ಫ್ರಾಂಕ್ ಕಾರ್ಲಿಚೆಕ್ 2010ರಲ್ಲಿ ಶುರು ಮಾಡಿದ್ದು ಅದು. 2016ರಲ್ಲಿ ಅವರೇ ಹೊರಬಂದು ಅದರ ಸೋರ್ಸ್ ಕೋಡನ್ನೇ ಕವಲೊಡೆಸಿ ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಓನ್‌ಕ್ಲೌಡ್ ಮುಂದೆ ಗೋ ಭಾಷೆಯಲ್ಲಿ ‘ಇನ್‌ಫಿನಿಟ್ ಸ್ಕೇಲ್’ ಎಂದು ಹೊಸದಾಗಿ ಬರೆಯಲ್ಪಟ್ಟಿತು, 2023ರಲ್ಲಿ ಕೈಟ್‌ವರ್ಕ್ಸ್ ಎಂಬ ಕಂಪನಿಯ ಪಾಲಾಯಿತು, 2025ರಲ್ಲಿ ಅದರಿಂದ ‘ಓಪನ್‌ಕ್ಲೌಡ್’ ಎಂಬ ಮತ್ತೊಂದು ಕವಲು ಹೊರಟಿತು. ಈ ಎರಡು ಹೊಸ ತಂತ್ರಾಂಶಗಳೂ ಹಗುರಾಗಿವೆ, ಡೇಟಾಬೇಸಿನ ತಂಟೆಯಿಲ್ಲ. ಆದರೂ ಸಂಜೆ ಹೊತ್ತು ಒಬ್ಬರೇ ಸರ್ವರ್ ನೋಡಿಕೊಳ್ಳುವ ಕಚೇರಿಯಲ್ಲಿ, ತೊಂದರೆಯಾದಾಗ ಹುಡುಕಿದರೆ ಉತ್ತರ ಹೇರಳವಾಗಿ ಸಿಗುವ ತಂತ್ರಾಂಶವೇ ಮೇಲು.

ಯಂತ್ರ ಮತ್ತು ಅನುಸ್ಥಾಪನೆ

ಎಂಟು ಮಂದಿಗೆ 8 ಜಿಬಿ ರ‍್ಯಾಮ್ ಸಾಕು. ಬ್ರೌಸರಿನಲ್ಲೇ ವರ್ಡ್ ಕಡತ ತಿದ್ದುವ ಕೊಲಾಬೊರಾ, ಓನ್ಲಿಆಫೀಸ್ ಇವನ್ನು ಈ ಯಂತ್ರದ ಮೇಲೆ ಹೇರಬೇಡಿ ಅಷ್ಟೆ. ಹಳೆಯ ಡೆಸ್ಕ್‌ಟಾಪ್ ಸುಮ್ಮನಿದ್ದಾಗಲೂ 50 ವ್ಯಾಟ್ ತಿನ್ನುವುದಾದರೆ ತಿಂಗಳಿಗೆ 36 ಯೂನಿಟ್ ಆಯಿತು. 10 ವ್ಯಾಟಿನ ಮಿನಿ ಪಿಸಿಗೆ 7.2 ಯೂನಿಟ್. ಈಗ ಇರುವುದರಲ್ಲೇ ಶುರು ಮಾಡಿ, ಆಮೇಲೆ ಬದಲಾಯಿಸಿದರಾಯಿತು. ವ್ಯವಸ್ಥೆ ಮತ್ತು ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿರಲಿ. ಕಡತಗಳಿಗೆ 2 ಟಿಬಿಯ ಎರಡು ಹಾರ್ಡ್‌ಡಿಸ್ಕ್‌ಗಳನ್ನು ಒಂದಕ್ಕೊಂದು ಕನ್ನಡಿಯಂತೆ ಜೋಡಿಸಿ. ಯುಪಿಎಸ್ ಇರಲೇಬೇಕು. ಬ್ಯಾಟರಿ ಇಳಿದಾಗ ಯಂತ್ರ ತಾನಾಗಿ ನಿಲ್ಲುವಂತೆ ಅದರ ಯುಎಸ್‌ಬಿ ತಂತಿಯನ್ನು ಸರ್ವರ್‌ಗೆ ಸಿಕ್ಕಿಸಿ. ಕರೆಂಟ್ ಬಂದಾಗ ಯಂತ್ರ ತಾನೇ ಏಳುವಂತೆ ಬಯಾಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಅದನ್ನು ಮರೆತರೆ ಭಾನುವಾರ ಬೆಳಿಗ್ಗೆ ಯಾರಾದರೂ ಕಚೇರಿಗೆ ಓಡಬೇಕಾಗುತ್ತದೆ.

ಅನುಸ್ಥಾಪನೆಯಲ್ಲಿ ಜನ ಎಡವುವ ಜಾಗಗಳು ನಾಲ್ಕು. ಡೇಟಾಬೇಸ್ ಆಯ್ಕೆಯಲ್ಲಿ ಎಸ್‌ಕ್ಯೂಲೈಟ್ ಬಿಟ್ಟು ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಹಾಕಿ. ಎಸ್‌ಕ್ಯೂಲೈಟ್‌ನಲ್ಲಿ ಎರಡು ಸಿಂಕ್ ಕ್ಲೈಂಟ್ (ಅವರವರ ಯಂತ್ರದ ಕಡತಗಳನ್ನು ಸರ್ವರ್ ಜತೆ ಹೊಂದಿಸುವ ತಂತ್ರಾಂಶ) ಒಟ್ಟಿಗೆ ಬರೆಯತೊಡಗಿದರೆ ಒಂದು ಇನ್ನೊಂದಕ್ಕಾಗಿ ಕಾಯುತ್ತ ಕೂರುತ್ತದೆ. ಎರಡನೆಯದು ರೆಡಿಸ್, ಬೀಗಗಳಂಥ ತಾತ್ಕಾಲಿಕ ಮಾಹಿತಿಯನ್ನು ರ‍್ಯಾಮ್‌ನಲ್ಲಿಡುವ ತಂತ್ರಾಂಶ. ಅದಿಲ್ಲದಿದ್ದರೆ ಒಳಬೀಗಗಳೆಲ್ಲ ಡೇಟಾಬೇಸಿನಲ್ಲೇ ಕೂರುತ್ತವೆ, ಅಪ್‌ಲೋಡ್ ನಡುವೆ ತುಂಡಾದರೆ ‘423 ಲಾಕ್ಡ್’ ಎಂಬ ದೋಷ ತಲೆ ತಿನ್ನುತ್ತದೆ. ಮೂರನೆಯದು ಹಿನ್ನೆಲೆ ಕೆಲಸ. ಮೊದಲಿಗೆ ಅದು ‘ಅಜಾಕ್ಸ್’ ಎಂದಿರುತ್ತದೆ, ಅಂದರೆ ಯಾರಾದರೂ ಬ್ರೌಸರಿನಲ್ಲಿ ಪುಟ ತೆರೆದಾಗ ಮಾತ್ರ ಕಸ ಖಾಲಿ ಮಾಡುವ ಮುಂತಾದ ಕೆಲಸ ನಡೆಯುತ್ತದೆ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್‌ನ ಕ್ರಾನ್‌ಗೆ ಬದಲಾಯಿಸಿ ಪ್ರತಿ 5 ನಿಮಿಷಕ್ಕೆ ಓಡಿಸಿ. ನಾಲ್ಕನೆಯದು ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ: ನೆಕ್ಸ್ಟ್‌ಕ್ಲೌಡನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಏಕಕಾಲಕ್ಕೆ ಓಡುವ ಪ್ರಕ್ರಿಯೆಗಳ ಮಿತಿ ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಬರೀ 5 ಎಂದು ಬಂದಿರುತ್ತದೆ. ಎಂಟು ಕ್ಲೈಂಟುಗಳು ಒಮ್ಮೆಗೇ ಬಾಗಿಲು ಬಡಿದಾಗ ಐದು ಒಳಗೆ, ಉಳಿದವು ಸಾಲಿನಲ್ಲಿ. ‘ನೆಕ್ಸ್ಟ್‌ಕ್ಲೌಡ್ ನಿಧಾನ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೊಂದೇ ಸಾಲು ಇರುತ್ತದೆ. ನಿಮ್ಮ ಯಂತ್ರಕ್ಕೆ ಅದನ್ನು 20 ಮಾಡಿ, ಪಿಎಚ್‌ಪಿ ಮೆಮರಿ ಮಿತಿ 512 ಎಂಬಿ ಇರಲಿ.

ತಂತ್ರಾಂಶವನ್ನು ಕಂಟೈನರ್ ಎಂಬ ಪೊಟ್ಟಣದಲ್ಲಿ ಓಡಿಸುವ ಡಾಕರ್‌ನಲ್ಲಿ ಹಾಕುವುದಾದರೆ ಆವೃತ್ತಿ ಸಂಖ್ಯೆಯನ್ನು ಬರೆದೇ ಹಾಕಿ, ‘ಲೇಟೆಸ್ಟ್’ ಎಂದು ಬಿಡಬೇಡಿ. ನೆಕ್ಸ್ಟ್‌ಕ್ಲೌಡ್ ಒಂದು ಪ್ರಮುಖ ಆವೃತ್ತಿಯಿಂದ ಮುಂದಿನದಕ್ಕೆ ಮಾತ್ರ ಏರುತ್ತದೆ, ಮೆಟ್ಟಿಲು ಹಾರುವುದಿಲ್ಲ. ಆರೇಳು ತಿಂಗಳು ಮರೆತು ಒಂದು ದಿನ ‘ಲೇಟೆಸ್ಟ್’ ಎಳೆದುಕೊಂಡರೆ ಎರಡು ಆವೃತ್ತಿ ದಾಟಿರಬಹುದು, ಆಗ ಕಂಟೈನರ್ ಏಳುವುದಿಲ್ಲ. ಒಂದೊಂದು ಪ್ರಮುಖ ಆವೃತ್ತಿಗೆ ಸುಮಾರು ಒಂದು ವರ್ಷ ಮಾತ್ರ ಭದ್ರತಾ ತಿದ್ದುಪಡಿ ಸಿಗುತ್ತದೆ. ಹಾಗಾಗಿ ಎರಡು ತಿಂಗಳಿಗೊಮ್ಮೆ ಅರ್ಧ ದಿನವನ್ನು ಇದಕ್ಕೆ ಕೊಡಲು ಒಬ್ಬರು ಒಪ್ಪಲೇಬೇಕು. ಅಂಥವರು ಕಚೇರಿಯಲ್ಲಿ ಇಲ್ಲವೆಂದಾದರೆ ಸ್ವಂತ ಸರ್ವರ್ ವಿಚಾರವನ್ನೇ ಬಿಟ್ಟು ತಿಂಗಳ ಬಾಡಿಗೆ ಕಟ್ಟುವುದು ಲೇಸು.

ಆ್ಯಪ್‌ಗಳ ಅಂಗಡಿಯಲ್ಲಿ ಕ್ಯಾಲೆಂಡರ್, ಚಾಟ್, ಅಡುಗೆ ಪುಸ್ತಕ ಎಲ್ಲ ಇವೆ. ಬೇಕಾದವನ್ನು ಬಿಟ್ಟು ಇನ್ನೇನೂ ಹಾಕಬೇಡಿ, ಆ್ಯಪ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. 2023ರ ನವೆಂಬರ್‌ನಲ್ಲಿ ಓನ್‌ಕ್ಲೌಡ್‌ನ ಒಂದು ಆ್ಯಪ್‌ನೊಳಗೆ ಸೇರಿಕೊಂಡಿದ್ದ ಹೊರಗಿನ ಲೈಬ್ರರಿಯ ಪರೀಕ್ಷಾ ಕಡತದಿಂದ, ಕಂಟೈನರ್‌ನಲ್ಲಿ ಓಡುತ್ತಿದ್ದ ಸರ್ವರ್‌ಗಳ ನಿರ್ವಾಹಕ ಪಾಸ್‌ವರ್ಡ್ ಕೂಡ ಹೊರಬೀಳಬಹುದಾದ ದೋಷ ಬಯಲಾಯಿತು. ಅದರ ಗಂಭೀರತೆಗೆ 10ಕ್ಕೆ 10 ಅಂಕ ಬಿತ್ತು.

ಹೊರಗಿನಿಂದ ತಲುಪುವುದು

ನಮ್ಮಲ್ಲಿ ಹಲವು ಫೈಬರ್ ಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ಐಪಿ ಇರುವುದಿಲ್ಲ, ಒಂದೇ ಐಪಿಯ ಹಿಂದೆ ನೂರಾರು ಮನೆ ಕೂರುತ್ತವೆ. ರೌಟರ್‌ನ ಒಳಪುಟದಲ್ಲಿ ವ್ಯಾನ್ ಐಪಿ (ಹೊರಜಾಲದ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವೂ ಆ ಗುಂಪಿನಲ್ಲೇ. ಆಗ ಹೊರಗಿನ ಕೋರಿಕೆಯನ್ನು ಸರ್ವರ್‌ಗೆ ತಿರುಗಿಸುವ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಹೊರಗಿನಿಂದ ಯಾರೂ ಒಳಗೆ ಬರಲಾರರು. ಕಂಪನಿಗೆ ಕೇಳಿ ಸ್ಥಿರ ಐಪಿ ಕೊಳ್ಳುವುದು ಸುಲಭದ ದಾರಿ. ಸಿಗದಿದ್ದರೆ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಅತಿ ಚಿಕ್ಕ ಬಾಡಿಗೆ ಸರ್ವರ್ ಹಿಡಿದು, ಕಚೇರಿಯ ಯಂತ್ರದಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ತೆಗೆಯಿರಿ. ಬಾಡಿಗೆ ಸರ್ವರ್‌ನಲ್ಲಿ ಕಡತ ಇರುವುದಿಲ್ಲ, ಅದು ಬರೀ ಬಾಗಿಲು. ಕ್ಲೌಡ್‌ಫ್ಲೇರ್ ಕಂಪನಿಯ ಸುರಂಗವೂ ಕೆಲಸ ಮಾಡುತ್ತದೆ, ಆದರೆ ಅದರ ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ತುಂಡು ಹೋಗದು. ನೆಕ್ಸ್ಟ್‌ಕ್ಲೌಡ್ ಅಪ್‌ಲೋಡ್ ತುಂಡಿನ ಮಿತಿಯನ್ನು ಸರ್ವರ್‌ನಲ್ಲೂ ಕ್ಲೈಂಟ್‌ನಲ್ಲೂ 50 ಎಂಬಿಗೆ ಇಳಿಸದಿದ್ದರೆ ಸಣ್ಣ ಕಡತಗಳೆಲ್ಲ ಹೋಗಿ ದೊಡ್ಡವು ಮಾತ್ರ ‘413’ ಎಂದು ಸೋಲುತ್ತವೆ. ಕಾರಣ ಹೊಳೆಯಲು ವಾರ ಹಿಡಿಯಬಹುದು.

ಈ ಎರಡು ಸುರಂಗಗಳ ದಾರಿಯಲ್ಲೂ ಕಾಯುವ ಒಂದು ಕಾಟ: ಧಾರವಾಡದ ಕಚೇರಿಯಲ್ಲೇ ಕೂತವರು ಪಕ್ಕದ ಮೇಜಿನ ಸರ್ವರ್‌ಗೆ ಕಡತ ಹಾಕಿದರೂ ಅದು ಮುಂಬೈಗೆ ಹೋಗಿ ವಾಪಸು ಬರುತ್ತದೆ. ಸರ್ವರ್‌ನ ಹೆಸರು ಸಾರ್ವಜನಿಕ ವಿಳಾಸವನ್ನೇ ತೋರಿಸುತ್ತಿರುತ್ತದಲ್ಲ, ಅದಕ್ಕೇ. ಕಚೇರಿಯ ರೌಟರ್‌ನ ಡಿಎನ್‌ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ಪಟ್ಟಿ) ಅದೇ ಹೆಸರಿಗೆ ಸರ್ವರ್‌ನ ಒಳವಿಳಾಸವನ್ನು ಬರೆದುಬಿಡಿ. ಸುರಕ್ಷಾ ಪ್ರಮಾಣಪತ್ರ ಕಚೇರಿಯ ಯಂತ್ರದ ಮೇಲೂ ಇರಬೇಕು, ಇಲ್ಲದಿದ್ದರೆ ಕ್ಲೈಂಟ್ ಗಲಾಟೆ ಮಾಡುತ್ತದೆ.

ಫೋಲ್ಡರ್, ಬೀಗ, ಹಳೆಯ ಪ್ರತಿಗಳು

ಪುಸ್ತಕದ ಫೋಲ್ಡರನ್ನು ಒಬ್ಬರ ಖಾತೆಯಲ್ಲಿ ಮಾಡಿ ಉಳಿದವರಿಗೆ ಹಂಚುವುದು ಎಲ್ಲರೂ ಮಾಡುವ ತಪ್ಪು. ಆ ಕಡತಗಳು ಅವರ ಹೆಸರಿನಲ್ಲೇ ಇರುತ್ತವೆ. ಅವರು ಕೆಲಸ ಬಿಟ್ಟು ಹೋದಾಗ ಖಾತೆ ಅಳಿಸಿದಿರೋ, ಮೂರು ಪುಸ್ತಕ ಅದರ ಜತೆಗೇ ಹೋದವು. ‘ಟೀಮ್ ಫೋಲ್ಡರ್’ ಆ್ಯಪ್ ಹಾಕಿ, ಹಿಂದೆ ಅದರ ಹೆಸರು ಗ್ರೂಪ್ ಫೋಲ್ಡರ್ ಎಂದಿತ್ತು. ಅದರ ಫೋಲ್ಡರ್‌ಗೆ ಒಡೆಯರಿಲ್ಲ, ಗುಂಪಿಗೆ ಅನುಮತಿ ಮಾತ್ರ ಇರುತ್ತದೆ. ನಿಮಗೆ ಎರಡು ಸಾಕು: ‘ನಡೆಯುತ್ತಿರುವವು’ ಮತ್ತು ‘ಮುಗಿದವು’. ಎರಡನೆಯದರಲ್ಲಿ ಒಬ್ಬರಿಗೆ ಮಾತ್ರ ಬರೆಯುವ ಹಕ್ಕು, ಉಳಿದವರಿಗೆ ಓದು ಮಾತ್ರ. ಆಗ 400 ಜಿಬಿಯನ್ನು ಎಲ್ಲರೂ ಇಳಿಸಿಕೊಳ್ಳಬೇಕಿಲ್ಲ. ನಡೆಯುತ್ತಿರುವ ಪುಸ್ತಕಗಳಷ್ಟೇ ಅವರವರ ಯಂತ್ರದಲ್ಲಿರುತ್ತವೆ, ಮುಗಿದವನ್ನು ಬೇಕಾದಾಗ ಬ್ರೌಸರಿನಲ್ಲಿ ತೆಗೆದುಕೊಳ್ಳುತ್ತಾರೆ. ವಿಂಡೋಸ್ ಕ್ಲೈಂಟಿನ ವರ್ಚುವಲ್ ಕಡತಗಳನ್ನು, ಅಂದರೆ ಹೆಸರು ಮಾತ್ರ ಕಂಡು ತೆರೆದಾಗ ಇಳಿಯುವಂಥವನ್ನು, ‘ನಡೆಯುತ್ತಿರುವವು’ಗೆ ಬಳಸಬೇಡಿ. ಇನ್‌ಡಿಸೈನ್ ಒಂದು ಪುಟ ತೆರೆದ ಕೂಡಲೇ ಅದರೊಳಗಿನ ನಲವತ್ತು ಚಿತ್ರಗಳನ್ನೂ ಹುಡುಕುತ್ತದೆ, ನಲವತ್ತೂ ಒಂದೊಂದಾಗಿ ಇಳಿಯುವವರೆಗೆ ಕಾಯಬೇಕು. ಚಿತ್ರಗಳು ಪುಸ್ತಕದ ಫೋಲ್ಡರ್‌ನೊಳಗೇ ‘ಲಿಂಕ್ಸ್’ ಎಂಬ ಒಳಫೋಲ್ಡರ್‌ನಲ್ಲಿರಲಿ, ಎಲ್ಲರ ಯಂತ್ರದಲ್ಲೂ ಸಿಂಕ್ ಫೋಲ್ಡರ್ ಒಂದೇ ಡ್ರೈವ್, ಒಂದೇ ಹೆಸರಿನಲ್ಲಿರಲಿ.

ವರ್ಡ್ ತೆರೆದಾಗ ಹೊಸ ಕ್ಲೈಂಟುಗಳು ಸರ್ವರ್‌ನಲ್ಲಿ ತಾವೇ ಬೀಗ ಹಾಕುತ್ತವೆ. ಇನ್‌ಡಿಸೈನ್ ತೆರೆದ ಕಡತದ ಪಕ್ಕದಲ್ಲೇ ಸಣ್ಣ ಬೀಗದ ಕಡತವೊಂದನ್ನು ಇಟ್ಟುಕೊಳ್ಳುತ್ತದೆ. ಕಚೇರಿಯ ಒಂದೇ ಡ್ರೈವ್‌ನಿಂದ ಇಬ್ಬರು ತೆರೆಯುವಾಗ ಅದು ಸಾಕಾಗುತ್ತಿತ್ತು. ಸಿಂಕ್‌ನಲ್ಲಿ ಅದು ಬೆಂಗಳೂರಿಗೆ ತಲುಪುವುದರೊಳಗೆ ಅಲ್ಲಿನವರು ಕಡತ ತೆರೆದಿರುತ್ತಾರೆ. ಹಾಗಾಗಿ ಪುಟಕ್ಕೆ ಕೈ ಹಾಕುವ ಮುನ್ನ ಕಡತದ ಮೇಲೆ ಬಲಗುಂಡಿ ಒತ್ತಿ ‘ಲಾಕ್’ ಮಾಡುವ ರೂಢಿ ಬರಬೇಕು. ರೂಢಿ ತಪ್ಪಿದ ದಿನ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂಬ ಎರಡನೆಯ ಕಡತ ಹುಟ್ಟುತ್ತದೆ. ಅದನ್ನು ಅಳಿಸಬೇಡಿ, ಇಬ್ಬರನ್ನೂ ಕೂರಿಸಿ ಯಾವ ಪುಟ ಯಾರದು ಎಂದು ಕೇಳಿ.

ಹಳೆಯ ಪ್ರತಿಗಳ ಲೆಕ್ಕವನ್ನು ಮೊದಲೇ ಹಾಕಿ. ನೆಕ್ಸ್ಟ್‌ಕ್ಲೌಡ್ ಮೊದಲ ದಿನಕ್ಕೆ ಗಂಟೆಗೊಂದು, ಆಮೇಲೆ 30 ದಿನದವರೆಗೆ ದಿನಕ್ಕೊಂದು, ನಂತರ ವಾರಕ್ಕೊಂದು ಎಂಬಂತೆ ಪ್ರತಿಗಳನ್ನು ತೆಳುವು ಮಾಡುತ್ತ ಇಡುತ್ತದೆ. ಪ್ರತಿಯೊಂದೂ ಪೂರ್ತಿ ಕಡತವೇ. ದಿನವೂ ತಿದ್ದುವ 300 ಎಂಬಿ ಕಡತ ಒಂದಕ್ಕೆ ತಿಂಗಳಲ್ಲಿ 9 ಜಿಬಿ. ಏಕಕಾಲಕ್ಕೆ ಹತ್ತು ಪುಸ್ತಕ ನಡೆದರೆ 90 ಜಿಬಿ. ಪ್ರತಿಗಳ ಆಯುಷ್ಯವನ್ನು ಗರಿಷ್ಠ 15 ದಿನ ಎಂದು ನಿಗದಿ ಮಾಡಿ, ಅರ್ಧಕ್ಕೆ ಇಳಿಯುತ್ತದೆ.

ಕನ್ನಡದ ಹೆಸರುಗಳು

ಇಂಗ್ಲಿಷ್ ಕೈಪಿಡಿಗಳು ಹೇಳದ ವಿಷಯ ಇದು. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಸ್ತ್ರೀ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ಸ, ಹಲಂತ, ತ, ಹಲಂತ, ರ, ಈ-ಸ್ವರಚಿಹ್ನೆ ಎಂಬ ಆರು ಸಂಕೇತ, 18 ಬೈಟ್. ಅಂಥವು ಹದಿನಾಲ್ಕು ಬಂದರೆ ಹೆಸರು ತುಂಬಿತು. ವಿಂಡೋಸ್ ಲೆಕ್ಕ ಹಾಕುವುದು ಸಂಕೇತದ ಸಂಖ್ಯೆಯನ್ನು, ಬೈಟನ್ನಲ್ಲ. ಆದ್ದರಿಂದ ‘ಲೇಖಕರ ಹೆಸರು ಪುಸ್ತಕದ ಹೆಸರು ಎರಡನೇ ಪ್ರೂಫ್ ತಿದ್ದಿದ್ದು ಅಂತಿಮ ಹೊಸದು’ ಎಂಬಂಥ ಹೆಸರು ಆ ಕಡೆ ಸಲೀಸಾಗಿ ಉಳಿದು ಸರ್ವರ್‌ನಲ್ಲಿ ಮಿತಿಯ ಸುಮಾರು ಮೂರನೇ ಎರಡು ಭಾಗ ತಿನ್ನುತ್ತದೆ, ಇನ್ನೂ ಐದಾರು ಪದ ಸೇರಿದರೆ ಹೋಗುವುದೇ ಇಲ್ಲ. ಫೋಲ್ಡರ್‌ಗೆ ಪುಸ್ತಕದ ಹೆಸರು, ಕಡತಕ್ಕೆ ಎರಡು ಪದ ಮತ್ತು ತಾರೀಕು, ಅಷ್ಟಿರಲಿ.

ಮ್ಯಾಕ್ ಬಳಸುವವರಿದ್ದರೆ ಇನ್ನೊಂದು. ‘ಕೋಟೆ’ ಎಂಬುದರ ‘ೋ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ಅಂಥ ಡಿಸ್ಕ್‌ನಿಂದ ನೇರವಾಗಿ ಸರ್ವರ್‌ಗೆ ನಕಲು ಮಾಡಿ, ಹೊಸ ಕಡತಗಳನ್ನು ಗುರುತಿಸಲು ನೆಕ್ಸ್ಟ್‌ಕ್ಲೌಡ್‌ನಲ್ಲಿ ಸ್ಕ್ಯಾನ್ ಮಾಡಿದರೆ, ಅಂಥ ಹೆಸರುಗಳನ್ನು ನೆಕ್ಸ್ಟ್‌ಕ್ಲೌಡ್ ಎನ್‌ಕೋಡಿಂಗ್ ಹೊಂದುವುದಿಲ್ಲವೆಂದು ಬಿಟ್ಟು ಮುಂದೆ ಹೋಗುತ್ತದೆ. ಡಿಸ್ಕ್‌ನಲ್ಲಿ ಕಡತ ಇರುತ್ತದೆ, ಪರದೆಯಲ್ಲಿ ಇರುವುದಿಲ್ಲ. ‘ಕಾನ್ವ್‌ಎಂವಿ’ ಎಂಬ ಲಿನಕ್ಸ್ ಸಾಧನದಿಂದ ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದು ಮತ್ತೆ ಸ್ಕ್ಯಾನ್ ಮಾಡಿದರೆ ಕಾಣಿಸಿಕೊಳ್ಳುತ್ತವೆ. ಹುಡುಕಾಟದ ಬಗ್ಗೆ ಆಸೆಯಿದ್ದರೆ: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕೂಡಿಸಿದ ಪಠ್ಯ ಯೂನಿಕೋಡ್ ಅಲ್ಲ, ಕಡತದೊಳಗೆ ಹುಡುಕುವ ಯಾವ ಆ್ಯಪ್‌ಗೂ ಅದು ಸಿಗದು.

ಬ್ಯಾಕಪ್

ಸಿಂಕ್ ಬ್ಯಾಕಪ್ ಅಲ್ಲ, ಕನ್ನಡಿ ಡಿಸ್ಕ್ ಕೂಡ ಅಲ್ಲ. ರಾತ್ರಿ ಒಂದು ಗಂಟೆಗೆ ನೆಕ್ಸ್ಟ್‌ಕ್ಲೌಡನ್ನು ನಿರ್ವಹಣಾ ಸ್ಥಿತಿಗೆ ತಂದು, ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತೆಗೆದು, ಡಂಪ್, ಸಂರಚನೆ, ಕಡತ ಮೂರನ್ನೂ ರೆಸ್ಟಿಕ್ ಎಂಬ ಬ್ಯಾಕಪ್ ಸಾಧನದಿಂದ ಬೇರೆ ಡಿಸ್ಕ್‌ಗೆ ಕಳಿಸಿ, ಮತ್ತೆ ಎಬ್ಬಿಸಿ. 7 ದಿನದ, 4 ವಾರದ, 12 ತಿಂಗಳ ಪ್ರತಿಗಳು ಉಳಿಯಲಿ. ಇನ್ನೊಂದು ಪ್ರತಿ ಕಚೇರಿಯ ಹೊರಗೆ, ಬೆಂಗಳೂರಿನ ಒಬ್ಬರ ಮನೆಯಲ್ಲಾದರೂ ಸರಿ. ಮೊದಲ 400 ಜಿಬಿಯನ್ನು 20 ಎಂಬಿಪಿಎಸ್‌ನಲ್ಲಿ ಕಳಿಸಲು 44 ಗಂಟೆಗೂ ಹೆಚ್ಚು ಬೇಕು, ಆದ್ದರಿಂದ ಆ ಡಿಸ್ಕನ್ನು ಧಾರವಾಡದಲ್ಲೇ ತುಂಬಿಸಿ ಬಸ್ಸಿನಲ್ಲಿ ಒಯ್ಯಿರಿ. ರೆಸ್ಟಿಕ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ, ಅದು ಕಳೆದರೆ ಬ್ಯಾಕಪ್ ಇದ್ದೂ ಇಲ್ಲ. ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಪುಸ್ತಕವನ್ನು ಬ್ಯಾಕಪ್‌ನಿಂದ ಬೇರೆ ಯಂತ್ರಕ್ಕೆ ತೆಗೆದು ಇನ್‌ಡಿಸೈನ್‌ನಲ್ಲಿ ತೆರೆದು ನೋಡಿ.

ಸಾಗಿಸುವ ಕ್ರಮ: ಮೊದಲ ಎರಡು ವಾರ ಒಂದೇ ಪುಸ್ತಕ, ಮೂವರೇ ಜನ. ಬೀಗದ ರೂಢಿ ಹತ್ತಿದ ಮೇಲೆ ಉಳಿದ ನಡೆಯುತ್ತಿರುವ ಪುಸ್ತಕಗಳು. ಮುಗಿದವನ್ನು ಕಚೇರಿಯೊಳಗಿನ ಒಂದು ಯಂತ್ರದಿಂದ, ವೈಫೈ ಬಿಟ್ಟು ತಂತಿಯಲ್ಲೇ ಹಾಕಿ. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 50 ಎಂಬಿ ಸಿಕ್ಕರೂ ಎರಡೂಕಾಲು ಗಂಟೆಯ ಕೆಲಸ, ಸಣ್ಣ ಕಡತಗಳು ಸಾವಿರಾರು ಇದ್ದರೆ ರಾತ್ರಿ ಬಿಟ್ಟು ಹೋಗಿ. ಲೇಖಕರಿಗೆ ಕಳಿಸುವ ಲಿಂಕ್‌ಗೆ ಪಾಸ್‌ವರ್ಡ್ ಮತ್ತು ಮುಕ್ತಾಯದ ದಿನಾಂಕ ಕಡ್ಡಾಯವೆಂದು ಹಂಚಿಕೆಯ ಸೆಟ್ಟಿಂಗಿನಲ್ಲೇ ಗುರುತು ಹಾಕಿ, ಆಗ ಯಾರೂ ಮರೆಯಲಾರರು. ಹಳೆಯ ಡಿಸ್ಕ್‌ಗಳನ್ನು ಮೂರು ತಿಂಗಳು ಅಳಿಸದೆ, ಓದು ಮಾತ್ರ ಸಾಧ್ಯವಾಗುವಂತೆ ಮಾಡಿ ಎತ್ತಿಡಿ.